ಓದುಗರ ಪ್ರಶ್ನೆ: ಹಳೆಯ ಕೋವಿಯನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳಿರುವ, 12 ಬೋರಿನ ಜೋಡಿ ನಳಿಗೆ ತೋಟೆ ಕೋವಿಯೊಂದು ಮಾರಾಟಕ್ಕಿದೆ. ನಳಿಗೆಯ ಒಳಗೆ ಕನ್ನಡಿಯಂಥ ಹೊಳಪು. ಏನೇನು ನೋಡಬೇಕು?

ಉತ್ತರ: ಮೊದಲು ಆ ಹೊಳಪನ್ನೇ ಅನುಮಾನಿಸಿ. ತುಕ್ಕು ತಿಂದ ಕುಳಿಗಳನ್ನು ಮರೆಮಾಡಲು ಒಳಗೆ ಉಜ್ಜಿ ನುಣುಪು ಮಾಡಿದ್ದರೆ, ಕುಳಿಯ ಜೊತೆಗೆ ನಳಿಗೆಯ ಗೋಡೆಯೂ ಸವೆದಿರುತ್ತದೆ.

ಕೋವಿ ಬಾಗಿಸಿ, ಎರಡೂ ಚೇಂಬರ್ (ತೋಟೆ ಕೂರುವ ಗೂಡು) ಖಾಲಿಯಿರುವುದನ್ನು ಕಣ್ಣಲ್ಲೂ ಬೆರಳಲ್ಲೂ ಖಚಿತಪಡಿಸಿಕೊಳ್ಳಿ. ನಳಿಗೆಗಳನ್ನು ಬಿಚ್ಚಿ, ಅಡಿಯ ಕೊಕ್ಕೆಗೆ ಒಂದು ಬೆರಳು ಸಿಕ್ಕಿಸಿ ತೂಗುಬಿಟ್ಟು, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಝೇಂಕರಿಸಿದರೆ ಎರಡು ನಳಿಗೆಗಳನ್ನು ಕೂಡಿಸುವ ನಡುವಿನ ರಿಬ್ಬಿನ (ಪಟ್ಟಿಯ) ಬೆಸುಗೆ ಗಟ್ಟಿಯಿದೆ. ಜರಜರ ಎಂದರೆ ಎಲ್ಲೋ ಬಿಟ್ಟಿದೆ, ಆ ಸಂದಿಯಲ್ಲಿ ತುಕ್ಕು ಹೊಕ್ಕಿರಲೂಬಹುದು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ಬಳೆಗಳು ದುಂಡಗಿರಬೇಕು. ಒಂದು ಕಡೆ ಸೊಟ್ಟಗಾದರೆ ಹೊರಗಿನಿಂದ ತಗ್ಗು ಬಿದ್ದಿದೆ. ಸುತ್ತಲೂ ಕಪ್ಪು ಉಂಗುರ ಕಂಡರೆ ನಳಿಗೆ ಉಬ್ಬಿದೆ. ಉಬ್ಬನ್ನು ಹೊರಗಡೆ ಬೆರಳಾಡಿಸಿಯೂ ಪತ್ತೆಹಚ್ಚಬಹುದು.

ಗೋಡೆಯ ದಪ್ಪವನ್ನು ಗೇಜಿನಿಂದಲೇ ಅಳೆಸಿ, ಅಂದಾಜು ಬೇಡ. ಅತಿ ತೆಳುವಾದ ಜಾಗದಲ್ಲಿ 0.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. 12 ಬೋರಿನ ಸಾಮಾನ್ಯ ಒಳವ್ಯಾಸ 18.5 ಮಿ.ಮೀ., ಅದಕ್ಕಿಂತ ತುಂಬ ಹೆಚ್ಚಿದ್ದರೆ ಒಳಗೆ ಉಜ್ಜಿದ್ದಿರಬಹುದು. ಚೇಂಬರಿನ ಉದ್ದವನ್ನೂ ನೋಡಿ: ಹಳೆಯವುಗಳಲ್ಲಿ 65 ಮಿ.ಮೀ. ಇರುವುದುಂಟು. ಅದರಲ್ಲಿ 70 ಮಿ.ಮೀ. ತೋಟೆಯೂ ಸಲೀಸಾಗಿ ಕೂರುತ್ತದೆ, ಆದರೆ ಹಾರಿದಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಅಲೆಗೆರೆ ಡಮಾಸ್ಕಸ್ ನಳಿಗೆಯ ಗುರುತು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಕಂಬಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಬರೀ ಮೇಲ್ಮೈಯಲ್ಲಿ ಗೆರೆ ಮೂಡಿಸಿದ ನಕಲಿಯೂ ಉಂಟು. ಅಸಲಿಯಲ್ಲಿ ಗೆರೆ ಮುಂಗೈ ಮರದ (ನಳಿಗೆಯಡಿ ಕೈ ಹಿಡಿಯುವ ಮರದ) ಕೆಳಗೂ ಮುಂದುವರಿದಿರುತ್ತದೆ. ಹಳೆಯ ಕಾಲದ ಕಪ್ಪು ಮದ್ದಿಗೆ ಮಾತ್ರ ಪ್ರೂಫ್ ಮುದ್ರೆ (ಒತ್ತಡ ತಡೆಯುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತು) ಇರುವ ನಳಿಗೆಗೆ ಈಗಿನ ತೋಟೆ ತುಂಬಲೇಬೇಡಿ.

ಪ್ರಶ್ನೆ: ಲೀ-ಎನ್‌ಫೀಲ್ಡ್ ರೈಫಲ್ಲೊಂದರ ಮೇಲೆ ಕಿರೀಟ, ‘ವಿ.ಆರ್.’, 1919 ಎಂದಿದೆ. ಅಪರೂಪದ್ದೇ?

ಉತ್ತರ: ‘ವಿ.ಆರ್.’ ಎಂದರೆ ರಾಣಿ ವಿಕ್ಟೋರಿಯಾ. ಆಕೆ ತೀರಿಕೊಂಡದ್ದು 1901ರಲ್ಲಿ, 1919ರದ್ದಾಗಿದ್ದರೆ ಆಗಿನ ದೊರೆ ಐದನೇ ಜಾರ್ಜ್‌ನ ‘ಜಿ.ಆರ್.’ ಇರಬೇಕಿತ್ತು. ಇದು ಖೈಬರ್ ಕಣಿವೆಯ ಕಡೆ ಕೈಯಲ್ಲಿ ಮಾಡಿದ ನಕಲಿನ ಲಕ್ಷಣ. ತಿರುಗುಮುರುಗಾದ ‘ಎನ್’ ಅಕ್ಷರ, ತಪ್ಪು ಕಾಗುಣಿತ, ಓರೆಕೋರೆ ಮುದ್ರೆ ಹುಡುಕಿ ನೋಡಿ, ಸಿಗಬಹುದು. ಕುಶಲಕರ್ಮದ ವಸ್ತುವಾಗಿ ಅದಕ್ಕೂ ಬೆಲೆಯುಂಟು, ಆದರೆ ಉಕ್ಕಿನ ಗುಣ ನಂಬುವಂಥದ್ದಲ್ಲ, ಹಾರಿಸಬಾರದು.

ಅಸಲಿಯಾದರೆ ಬೋಲ್ಟ್ ಮತ್ತು ಬಾಡಿಯ ನಂಬರು ಒಂದೇ ಇದೆಯೇ ನೋಡಿ. ಬೋಲ್ಟ್ ಬೇರೆಯಾದರೆ ಬೆಲೆ ಇಳಿಯುತ್ತದೆ, ಹೆಡ್‌ಸ್ಪೇಸನ್ನೂ (ಬೋಲ್ಟ್ ಮುಚ್ಚಿದಾಗ ತೋಟೆಗೆ ಉಳಿಯುವ ಜಾಗವನ್ನೂ) ಅಳೆಸಬೇಕಾಗುತ್ತದೆ.

ಪ್ರಶ್ನೆ: ಬೆಲೆ ಕಟ್ಟಿಸುವ ಮೊದಲು ಹಳೆಯ ಪಿಸ್ತೂಲಿಗೆ ಹೊಸದಾಗಿ ನೀಲಿ ಲೇಪ ಕೊಡಿಸಲೇ?

ಉತ್ತರ: ದಯವಿಟ್ಟು ಬೇಡ. ಪಾಲಿಶ್ ಚಕ್ರ ತಗುಲಿದರೆ ಅಂಚು ದುಂಡಗಾಗುತ್ತದೆ, ಅಕ್ಷರ ಮಾಸುತ್ತದೆ, ಸ್ಕ್ರೂ ರಂಧ್ರದ ಸುತ್ತ ತಗ್ಗು ಬೀಳುತ್ತದೆ. ತಿಳಿದವರು ಮೊದಲು ನೋಡುವುದು ಇವನ್ನೇ. ಕುಳಿಯ ತಳದಲ್ಲೂ ನೀಲಿ ಕಂಡರೆ ಲೇಪ ತುಕ್ಕಿನ ನಂತರದ್ದೆಂದು ತಕ್ಷಣ ತಿಳಿಯುತ್ತದೆ. ಸವೆದ ಅಂಚಿನ ಕಂದು ಬಣ್ಣ ಹಾಗೇ ಇರಲಿ. ಕೆಂಪು ತುಕ್ಕು ಹರಡುತ್ತಿದ್ದರೆ ಮಾತ್ರ, ಎಣ್ಣೆ ಹಚ್ಚಿ 0000 ನಂಬರಿನ ಸ್ಟೀಲ್ ವುಲ್‌ನಲ್ಲಿ ಹಗುರವಾಗಿ ತೆಗೆಯಿರಿ.