ಕೊಡಗಲ್ಲಿ ಬಾಸ್ ಮೀನಿಲ್ಲ, ಆದ್ರೂ ಫ್ಲೈ ರಾಡ್ ತನ್ನಿ

ಅಮೆರಿಕದಲ್ಲಿ ಬೇಸಿಗೆ ಬಂದ್ರೆ ಕಯಾಕ್ ಅನ್ನೋ ಸಣ್ಣ ದೋಣಿ ಮೇಲೆ ಕೂತು ಫ್ಲೈ ರಾಡಲ್ಲಿ (ಹುಳ, ಕಪ್ಪೆ ಥರ ಕಟ್ಟಿದ ಹಗುರ ಗಾಳ, ಅಂದ್ರೆ ಫ್ಲೈ, ಎಸೆಯೋ ಕೋಲು) ಬಾಸ್ ಮೀನು ಹಿಡೀತಿದ್ದೆ, ಈಗ ಏಪ್ರಿಲಲ್ಲಿ ಸಿದ್ದಾಪುರ ಹತ್ರ ನೆಂಟರ ತೋಟಕ್ಕೆ ಬರ್ತಿದೀನಿ, ರಾಡ್ ತಂದ್ರೆ ಉಪಯೋಗ ಇದೆಯಾ, ಕಾವೇರೀಲಿ ಹಾಕಬಹುದಾ ಅಂತ ಕೇಳಿದೀರಿ. ನಾನಿರೋದು ಅಮ್ಮತ್ತಿ ಕಡೆ, ಕೆಲವು ವರ್ಷದಿಂದ ನಮ್ಮ ತೋಟದ ಕೆರೇಲಿ ಇದೇ ಕೆಲಸ ಮಾಡ್ತಿದೀನಿ, ಅದಕ್ಕೆ ಬರೀತಿದೀನಿ.

ರಾಡ್ ತನ್ನಿ, ಆದ್ರೆ ಹೊಳೆಗೆ ಹೋಗ್ಬೇಡಿ. ಏಪ್ರಿಲ್ ಮೇ ಅಂದ್ರೆ ಕಾವೇರಿ ಬಂಡೆ ಕಾಣೋ ಹಾಗೆ ಇಳಿದಿರುತ್ತೆ, ದೊಡ್ಡ ಮೀನೆಲ್ಲ ಉಳಿದಿರೋ ನಾಲ್ಕು ಕಯದಲ್ಲಿ (ಹೊಳೆಯ ಆಳದ ಗುಂಡೀಲಿ) ಗುಂಪಾಗಿ ಸೇರ್ಕೊಂಡಿರ್ತವೆ, ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ, ಅಂಥಾ ಟೈಮಲ್ಲಿ ಒಂದು ಮಹಶೀರನ್ನ ಕಾಲು ಗಂಟೆ ಎಳೆದಾಡಿಸಿ ಬಿಟ್ರೆ ಅದು ಈಜ್ಕೊಂಡು ಹೋದ ಹಾಗೆ ಕಾಣುತ್ತೆ ಅಷ್ಟೇ, ಆಮೇಲೆ ಎಲ್ಲೋ ಸಾಯಬಹುದು. ಕಾವೇರಿ ಕಣಿವೆ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ 2018ರಿಂದ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟೀಲಿ ಅಳಿವಿಗೆ ತೀರಾ ಹತ್ತಿರ ಇರೋ ಜೀವಿಗಳ ಸಾಲಲ್ಲಿದೆ. ವಾಲ್ನೂರು ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಮಹಶೀರ್ ಉಳಿಸೋಕೆ ವರ್ಷಗಟ್ಟಲೆ ಕಷ್ಟಪಟ್ಟಿದಾರೆ. ಇನ್ನೊಂದು ಕಡೆ ಇದೇ ಬೇಸಿಗೇಲಿ ಕಯಕ್ಕೆ ತೋಟೆ (ಸಿಡಿಮದ್ದು) ಹಾಕೋರೂ ಇದಾರೆ, ಒಂದ್ಸಲ ಬೆರಳುದ್ದದ ಮರಿಗಳು ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇರೋದನ್ನ ನೋಡಿದೀನಿ, ಅವತ್ತಿಂದ ಬೇಸಿಗೇಲಿ ಹೊಳೆಗೆ ಗಾಳ ಹಾಕೋ ಮನಸ್ಸೇ ಬಂದಿಲ್ಲ. ಮಹಶೀರ್ ನೋಡ್ಬೇಕು ಅನಿಸಿದ್ರೆ ಕುಶಾಲನಗರ ದಾಟಿ ರಾಮನಾಥಪುರಕ್ಕೆ ಹೋಗಿ, ದೇವಸ್ಥಾನದ ಹತ್ರ ಕಾವೇರೀಲಿ ಜನ ಪುರಿ ಹಾಕ್ತಾರೆ, ಕಾಲ ಬುಡಕ್ಕೇ ಬರ್ತವೆ. ಹಾರಂಗಿ, ಚಿಕ್ಲಿಹೊಳೆ ಹಿನ್ನೀರು ಸರ್ಕಾರದ್ದು, ಪರ್ಮಿಶನ್ ಇಲ್ದೆ ಕಯಾಕ್ ಇಳಿಸ್ಬೇಡಿ.

ಉಳಿಯೋದು ತೋಟದ ಕೆರೆ, ನಿಜವಾದ ಮಜಾ ಇರೋದೂ ಅಲ್ಲೇ. ಅಲ್ಲಿ ನಿಮ್ಮ ಬಾಸ್ ಜಾಗದಲ್ಲಿ ಕೊರವ ಇದೆ, ಮುರ್ರೆಲ್ ಅಂದ್ರೂ ಸ್ನೇಕ್‌ಹೆಡ್ ಅಂದ್ರೂ ಇದೇನೇ. ಬಾಸ್ ಥರಾನೇ ಜೊಂಡಿನ ಸಂದೀಲಿ ಅಲ್ಲಾಡದೆ ನಿಂತಿರುತ್ತೆ, ತಲೆ ಮೇಲೆ ಕಪ್ಪೆ ಹಾದು ಹೋದ್ರೆ ನೀರು ಸಿಡಿಸಿ ನುಂಗುತ್ತೆ. ವ್ಯತ್ಯಾಸ ಏನಂದ್ರೆ ಸೆಖೆ ಜಾಸ್ತಿಯಾದ್ರೆ ಬಾಸ್ ನೆರಳು, ಆಳ ಹುಡುಕ್ಕೊಂಡು ಹೋಗುತ್ತೆ, ಕೊರವ ಹಾಗಲ್ಲ, ಅದು ಗಾಳಿ ಉಸಿರಾಡೋ ಮೀನು, ಮೇಲೆ ಬಂದು ಗಾಳಿ ನುಂಗದೇ ಇದ್ರೆ ಬದುಕೋದೇ ಇಲ್ಲ. ಅದಕ್ಕೇ ಹುಡುಕೋದು ಸುಲಭ. ಸುಮ್ನೆ ಹತ್ತು ನಿಮಿಷ ಕಯಾಕಲ್ಲಿ ಕೂತಿರಿ, ಎಲ್ಲೋ ಒಂದ್ಕಡೆ ಗುಳುಕ್ ಅನ್ನುತ್ತೆ, ಉಂಗುರ ಏಳುತ್ತೆ. ಆ ಉಂಗುರದ ಮೇಲೇ ಎಸೀಬೇಡಿ, ಓಡಿಹೋಗುತ್ತೆ. ಎರಡು ಮೂರು ಅಡಿ ಆಚೆ ಬೀಳಿಸಿ ಅದರ ಮುಂದೆ ಹಾದು ಬರೋ ಹಾಗೆ ಎಳೀರಿ, ಎರಡು ಸಲ ಎಳೆದು ಸ್ವಲ್ಪ ನಿಲ್ಲಿಸಿ, ಹೊಡೆಯೋದು ಬಹಳ ಸಲ ಆ ನಿಂತ ಗಳಿಗೇಲೇ.

ಕಯಾಕ್ ಯಾಕೆ ಬೇಕೇ ಬೇಕು ಅಂದ್ರೆ, ಫೆಬ್ರವರಿ ಮಾರ್ಚಲ್ಲಿ ರೋಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಹಾಕಿ ಕೆರೆ ಅರ್ಧ ಇಳಿದಿರುತ್ತೆ, ಹೂಮಳೆ ಸರಿಯಾಗಿ ಬರದ ವರ್ಷ ಅಂತೂ ಇನ್ನೂ ಕಮ್ಮಿ, ದಡಕ್ಕೂ ನೀರಿಗೂ ನಡುವೆ ಮೊಣಕಾಲುದ್ದ ಕೆಸರು. ಏರಿ ಮೇಲೆ ನಿಂತು ಎಸೆಯೋಣ ಅಂದ್ರೆ ಹಿಂದೆ ಸಿಲ್ವರ್ ಓಕ್, ಕಾಫಿ ಗಿಡ, ಫ್ಲೈ ಹೋಗಿ ಅಲ್ಲಿ ಸಿಕ್ಕಾಕೊಳ್ಳುತ್ತೆ. ನೀರಿನ ಕಡೆಯಿಂದ ಜೊಂಡಿನ ಅಂಚಿಗೆ ಉದ್ದುದ್ದಕ್ಕೆ ಎಸೆದ್ರೆ ಇಡೀ ಅಂಚು ನಿಮ್ಮ ಕೈಲಿರುತ್ತೆ.

ಕೂತ್ಕೊಂಡು ಎಸೆಯೋದು ನಿಮಗೆ ಗೊತ್ತಿರೋದೇ, ಆದ್ರೂ ನಮ್ಮ ಕೆರೆಗೆ 30-40 ಅಡಿ ಸಾಕು, ಅದಕ್ಕಿಂತ ಉದ್ದ ಹೋದ್ರೆ ಬ್ಯಾಕ್‌ಕಾಸ್ಟ್ (ಹಿಂದಕ್ಕೆ ಬೀಸಿದ ಲೈನ್) ನೀರಿಗೆ ಬಡಿಯುತ್ತೆ, ಮೀನು ಹುಷಾರಾಗುತ್ತೆ. 8 ವೇಟ್ (ಸ್ವಲ್ಪ ಗಟ್ಟಿ ಅಳತೆಯ) ರಾಡ್, ನೀರಲ್ಲಿ ತೇಲೋ ಫ್ಲೋಟಿಂಗ್ ಲೈನ್, ಲೈನಿಗೂ ಫ್ಲೈಗೂ ನಡುವಿನ ದಾರ ಲೀಡರ್ ಏಳಡಿ ಮೇಲೆ ಬೇಡ. ಕೊರವಕ್ಕೆ ಹಲ್ಲಿದೆ, ಬಾಸ್‌ಗೆ ಕಟ್ಟೋ ತೆಳು ಟಿಪ್ಪೆಟ್ (ಲೀಡರಿನ ತುದಿ ದಾರ) ನಡೆಯಲ್ಲ, ಕೊನೇಲಿ ಒಂದಡಿ 40 ಪೌಂಡ್ ಫ್ಲೋರೋಕಾರ್ಬನ್ ದಾರ ಕಟ್ಟಿ. ತೊಡೆ ಮೇಲೊಂದು ಒದ್ದೆ ಟವೆಲ್ ಹಾಸ್ಕೊಂಡು ಎಳೆದ ಲೈನ್ ಅದರ ಮೇಲೇ ಬೀಳಿಸಿ, ಇಲ್ಲಾಂದ್ರೆ ಸರಿಯಾಗಿ ಮೀನು ಹೊಡೆಯೋ ಹೊತ್ತಿಗೆ ಚಪ್ಪಲಿಗೋ ಹುಟ್ಟಿಗೋ ಸುತ್ಕೊಂಡಿರುತ್ತೆ. ಹೊಡೆದ ತಕ್ಷಣ ರಾಡ್ ಎತ್ತಬೇಡಿ, ದಯವಿಟ್ಟು. ನನ್ನ ಮೊದಲ ನಾಲ್ಕು ಮೀನು ಹೋಗಿದ್ದು ಹಾಗೇನೇ. ರಾಡ್ ತುದಿ ನೀರಿನ ಕಡೆಗೇ ಇರ್ಲಿ, ಎಡಗೈಲಿ ಲೈನನ್ನ ಗಟ್ಟಿಯಾಗಿ ಎಳೀರಿ, ಅದರ ಬಾಯಿ ಗಟ್ಟಿ ಮೂಳೆ, ಕೊಕ್ಕೆ ನಾಟೋದು ಆ ಎಳೆತಕ್ಕೆ ಮಾತ್ರ.

ನೀರಿನ ಮೇಲೆ ಕೆಂಪು ಕೆಂಪಾಗಿ ಮರಿಗಳ ಒಂದು ಗುಂಪು ಕುದಿಯೋ ಹಾಗೆ ಕಂಡ್ರೆ ಆ ಕಡೆ ಗಾಳ ಹಾಕ್ಬೇಡಿ. ಕೆಳಗೆ ತಾಯಿ ತಂದೆ ಕಾವಲಿರ್ತವೆ, ಏನು ಬಿದ್ರೂ ಸಿಟ್ಟಿಗೇ ಕಚ್ತವೆ, ಹಿಡಿಯೋದು ತುಂಬಾ ಸುಲಭ. ಆದ್ರೆ ಅವೆರಡನ್ನ ಎತ್ತಿದ್ರೆ ಸ್ವಲ್ಪ ಹೊತ್ತಲ್ಲೇ ಮರಿಗಳು ಬೇರೆ ಮೀನಿನ ಹೊಟ್ಟೆಗೆ. ನಾವು ವರ್ಷಕ್ಕೆ ಒಂದೋ ಎರಡೋ ಕೊರವ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಸಾರು ಮಾಡ್ತೀವಿ, ಅದಕ್ಕೇನೂ ಬೇಜಾರಿಲ್ಲ, ಮರಿ ಜೊತೆ ಇರೋದನ್ನ ಮಾತ್ರ ಮುಟ್ಟಲ್ಲ.

ಟೈಮ್ ವಿಷ್ಯ. ನಿಮಗೆ ಅಲ್ಲಿ ಸಂಜೆ ಬಾಸ್ ಹಿಡಿದು ಅಭ್ಯಾಸ ಇರುತ್ತೆ, ಇಲ್ಲಿ ಸಂಜೆ ಮರೆತುಬಿಡಿ. ಸಿದ್ದಾಪುರ ಕಡೆ ಕತ್ತಲಾಗ್ತಾ ಬಂದ್ರೆ ಆನೆ ಕೆರೆಗೆ ಇಳಿಯುತ್ತೆ, ಬೇಸಿಗೇಲಿ ಇನ್ನೂ ಜಾಸ್ತಿ, ಕಯಾಕಲ್ಲಿ ಕೂತವನಿಗೆ ದಡದಲ್ಲಿ ಆನೆ ನಿಂತ್ರೆ ಹೋಗೋಕೆ ಜಾಗ ಇರಲ್ಲ. ಬೆಳಿಗ್ಗೆನೂ ಪೂರ್ತಿ ಬೆಳಕು ಹರಿದ ಮೇಲೇ ಹೋಗಿ, ಅದಕ್ಕೂ ಮೊದ್ಲು ಕೆಲಸದವರಿರೋ ಲೈನ್‌ಮನೆಯವರನ್ನೋ ತೋಟದ ಲೆಕ್ಕ ಬರೆಯೋ ರೈಟರನ್ನೋ ರಾತ್ರಿ ಆನೆ ಬಂದಿತ್ತಾ, ಯಾವ ಕಡೆ ಹೋಯ್ತು ಅಂತ ಕೇಳಿ, ಅವರಿಗೆ ಗೊತ್ತಿರುತ್ತೆ. ಒಂಬತ್ತೂವರೆ ಹತ್ತಕ್ಕೆ ಮೇಲೆ ಬಂದ್ಬಿಡಿ. ಮಧ್ಯಾಹ್ನ ಮೇಲೆ ಗುಡುಗು ಶುರುವಾಗುತ್ತೆ, ಒಂಬತ್ತಡಿ ಗ್ರಾಫೈಟ್ ರಾಡ್ ಹಿಡ್ಕೊಂಡು ನಡುನೀರಲ್ಲಿ ಕೂತಿರೋದು ಸಿಡಿಲಿಗೆ ಕರೆದ ಹಾಗೆ, ದೂರದಲ್ಲಿ ಒಂದು ಗುಡುಗು ಕೇಳಿದ್ರೂ ದಡ ಸೇರಿ. ಲೈಫ್ ಜಾಕೆಟ್ ಹಾಕೇ ಇಳೀರಿ, ಕೆಸರು ಕೆರೇಲಿ ಈಜು ಬಂದ್ರೂ ಕಾಲು ಹೂತುಹೋಗುತ್ತೆ.

ಬರುವಾಗ ವೀಡ್‌ಗಾರ್ಡ್ (ಜೊಂಡಿಗೆ ಕೊಕ್ಕೆ ಸಿಕ್ಕದ ಹಾಗೆ ಇರೋ ತಡೆ) ಇರೋ, ನೀರ ಮೇಲೆ ಸದ್ದು ಮಾಡೋ ಪಾಪರ್, ಜಿಂಕೆ ಕೂದಲಲ್ಲಿ ಕಟ್ಟಿದ ಡೀರ್ ಹೇರ್ ಕಪ್ಪೆ ಫ್ಲೈ ಒಂದು ಹತ್ತಾದ್ರೂ ತನ್ನಿ, ಇಲ್ಲಿ ನಮ್ಮ ಕಡೆ ಅಂಗಡೀಲಿ ಸಿಗಲ್ಲ, ತಾವರೆ ದಂಟಿಗೆ ದಿನಕ್ಕೆ ಎರಡಾದ್ರೂ ಹೋಗ್ತವೆ.