ಕಣ್ಣೆದುರಿಗಿಲ್ಲದವರ ಇರವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಸ್ವಸಹಾಯ ಸಂಘಗಳ ಒಕ್ಕೂಟ. ಲೆಕ್ಕ ಬರೆಯುವ ನಾವು ಒಂಬತ್ತು ಮಂದಿ ಮೊದಲು ತಿಂಗಳಿಗೆ ಎರಡು ಬಾರಿ ಪಂಚಾಯಿತಿ ಕಟ್ಟಡದ ಒಂದೇ ಕೋಣೆಯಲ್ಲಿ ಕುಳಿತು ಉಳಿತಾಯ ಮತ್ತು ಸಾಲದ ಕಂತುಗಳನ್ನು ಪುಸ್ತಕಕ್ಕೆ ಏರಿಸುತ್ತಿದ್ದೆವು. ಈಗ ಅವರವರ ಮನೆಯಿಂದಲೇ ಫೋನಿನಲ್ಲಿ ಗೂಗಲ್ ಶೀಟ್ ತುಂಬುತ್ತೇವೆ. ಓಡಾಟ ತಪ್ಪಿದೆ, ಆದರೆ ಒಬ್ಬರು ಏನು ಮಾಡುತ್ತಿದ್ದಾರೆಂದು ಇನ್ನೊಬ್ಬರಿಗೆ ತಿಳಿಯುತ್ತಿಲ್ಲ. ಒಂದೇ ಸಾಲನ್ನು ಇಬ್ಬರು ತುಂಬುತ್ತಾರೆ, ಕೆಲವು ಸಾಲುಗಳನ್ನು ಯಾರೂ ಮುಟ್ಟುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ನೀಲಿ ಟಿಕ್ ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ. ‘ಓದಿಯೂ ಸುಮ್ಮನಿದ್ದಾಳೆ’ ಎಂಬ ಬೇಸರದಿಂದ ಇಬ್ಬರು ಮಾತು ಬಿಟ್ಟಿದ್ದಾರೆ. ಆ ಕೋಣೆಯಲ್ಲಿದ್ದ ಹೊಂದಾಣಿಕೆಯನ್ನು ಫೋನಿಗೆ ತರಲು ಸಾಧ್ಯವೇ?
— ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಆ ಕೋಣೆ ನಿಮಗೆ ಏನನ್ನು ಕೊಡುತ್ತಿತ್ತು ಎಂಬುದನ್ನು ಮೊದಲು ಗುರುತಿಸಿಕೊಳ್ಳೋಣ. ಅಲ್ಲಿ ಯಾರೂ ಯಾರಿಗೂ ವರದಿ ಒಪ್ಪಿಸುತ್ತಿರಲಿಲ್ಲ. ಪಾಸ್‌ಬುಕ್ಕುಗಳ ಕಟ್ಟು ಯಾರ ಮುಂದಿದೆ, ಮೊತ್ತ ತಾಳೆಯಾಗದೆ ಯಾರು ಮತ್ತೆ ಮತ್ತೆ ಕೂಡುತ್ತಿದ್ದಾರೆ, ಮಗು ಅತ್ತಿತೆಂದು ಯಾರು ಎದ್ದು ಹೋದರು ಎಂಬುದೆಲ್ಲ ಉಳಿದವರಿಗೆ ತಲೆಯೆತ್ತದೆಯೇ ತಿಳಿಯುತ್ತಿತ್ತು, ಮತ್ತು ಅದಕ್ಕೆ ತಕ್ಕಂತೆ ಅವರು ತಮ್ಮ ಕೆಲಸವನ್ನು ಹೊಂದಿಸಿಕೊಳ್ಳುತ್ತಿದ್ದರು. ಲಂಡನ್ನಿನ ಸುರಂಗ ರೈಲಿನ ಬೇಕರ್‌ಲೂ ಮಾರ್ಗದ ನಿಯಂತ್ರಣ ಕೊಠಡಿಯನ್ನು ಕುರಿತು ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಸಂಗತಿ ಇದೆ. ನಿಯಂತ್ರಕರು ರೈಲು ಚಾಲಕನೊಂದಿಗೆ ಆಡುವ ಮಾತು ಪಕ್ಕದಲ್ಲಿರುವ ಮಾಹಿತಿ ಸಹಾಯಕರ ಕಿವಿಗೆ ಬೀಳುತ್ತದೆ. ಯಾರೂ ಹೇಳದಿದ್ದರೂ ಅವರು ಪ್ರಯಾಣಿಕರಿಗೆ ಪ್ರಕಟಣೆ ನೀಡಲು ಅಣಿಯಾಗುತ್ತಾರೆ. ಜೊತೆಯವರ ಕೆಲಸದ ಇಂತಹ ಸುಳಿವು ಸಿಕ್ಕಿದಾಗ ಮಾತ್ರ ನಮ್ಮ ಕೆಲಸವೂ ಸರಿಯಾದ ಜಾಗದಲ್ಲಿ ಕೂರುತ್ತದೆ. ನಿಮಗೆ ಈಗ ಇಲ್ಲವಾಗಿರುವುದು ಈ ಸುಳಿವು.

ಗೂಗಲ್ ಶೀಟಿನಲ್ಲಿ ಇದರ ಒಂದು ಪಾಲು ಆಗಲೇ ಇದೆ. ಇಬ್ಬರು ಒಂದೇ ಹಾಳೆಯನ್ನು ತೆರೆದಿದ್ದರೆ, ಇನ್ನೊಬ್ಬರು ನಿಂತಿರುವ ಸೆಲ್‌ನ ಸುತ್ತ ಬಣ್ಣದ ಗೆರೆ ಮೂಡುತ್ತದೆ. ಅದು ಯಾರೆಂದು ನಿಮಗೆ ತಿಳಿಯುತ್ತಿಲ್ಲವಾದರೆ, ಬಹುಶಃ ಒಂಬತ್ತು ಮಂದಿಯೂ ಒಕ್ಕೂಟದ ಒಂದೇ ಜಿಮೇಲ್ ಖಾತೆಯನ್ನು ಬಳಸುತ್ತಿದ್ದೀರಿ. ಆಗ ಎಲ್ಲರೂ ಒಂದೇ ಹೆಸರಿನಲ್ಲಿ ಕಾಣುತ್ತೀರಿ. ಅಥವಾ ಲಿಂಕ್ ಒತ್ತಿ, ಖಾತೆಗೆ ಲಾಗಿನ್ ಆಗದೆ ಬರೆಯುತ್ತಿದ್ದೀರಿ. ಹಾಗೆ ಬಂದವರನ್ನು ಗೂಗಲ್ ಯಾವುದೋ ಪ್ರಾಣಿಯ ಹೆಸರಿನಿಂದ ತೋರಿಸುತ್ತದೆ. ಪ್ರತಿಯೊಬ್ಬರೂ ಸ್ವಂತ ಖಾತೆಯಿಂದ ಬರಬೇಕು, ಹಾಳೆಯನ್ನು ಆ ಒಂಬತ್ತು ಇಮೇಲ್ ವಿಳಾಸಗಳಿಗೆ ಮಾತ್ರ ಹಂಚಬೇಕು. ಆಗ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಗಳನ್ನು ತೆರೆದು ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂದೂ ನೋಡಬಹುದು.

ಆದರೆ ನೆಟ್‌ವರ್ಕ್ ಕೈಕೊಟ್ಟಾಗ ಬಣ್ಣದ ಗೆರೆಯೂ ಮಾಯವಾಗುತ್ತದೆ. ಆದ್ದರಿಂದ ಹಾಳೆಯ ಮೊದಲಲ್ಲೇ ‘ಬರೆಯುತ್ತಿರುವವರು’ ಎಂಬ ಒಂದು ಕಾಲಂ ಇಟ್ಟು, ಒಂದು ಸಂಘದ ಲೆಕ್ಕವನ್ನು ಕೈಗೆತ್ತಿಕೊಳ್ಳುವ ಮುನ್ನ ತಮ್ಮ ಹೆಸರು, ಮುಗಿಸಿದ ಮೇಲೆ ದಿನಾಂಕ ಬರೆಯುವುದನ್ನು ರೂಢಿಸಿಕೊಳ್ಳಿ. ಪಾಸ್‌ಬುಕ್ಕಿನ ಕಟ್ಟನ್ನು ತಮ್ಮ ಮುಂದಕ್ಕೆ ಎಳೆದುಕೊಳ್ಳುವುದಕ್ಕೆ ಇದು ಸಮ. ಯಾರೂ ಮುಟ್ಟದ ಸಂಘ ಯಾವುದೆಂಬುದು ಖಾಲಿ ಜಾಗದಿಂದಲೇ ಗೊತ್ತಾಗುತ್ತದೆ.

ಇನ್ನು ನೀಲಿ ಟಿಕ್. ವಾಟ್ಸಾಪ್ ಇದನ್ನು 2014ರ ನವೆಂಬರಿನಲ್ಲಿ ತಂದಿತು. ಒಂದು ಟಿಕ್ ಸಂದೇಶ ಹೋಗಿದೆ ಎನ್ನುತ್ತದೆ, ಎರಡು ಟಿಕ್ ಫೋನಿಗೆ ತಲುಪಿದೆ ಎನ್ನುತ್ತವೆ, ನೀಲಿ ಬಣ್ಣ ಸಂದೇಶವನ್ನು ತೆರೆಯಲಾಗಿದೆ ಎನ್ನುತ್ತದೆ. ಗ್ರೂಪಿನಲ್ಲಿ ಎಲ್ಲರೂ ತೆರೆದ ಮೇಲೆಯೇ ಟಿಕ್ ನೀಲಿಯಾಗುತ್ತದೆ, ಮತ್ತು ಓದಿದ ಗುರುತನ್ನು ಅಲ್ಲಿ ಯಾರೂ ಮರೆಮಾಡಲಾರರು. ತೆರೆದ ಕೈ ಯಾರದು, ಆಗ ಆ ಕೈಯಲ್ಲಿ ಇನ್ನೇನು ಕೆಲಸವಿತ್ತು ಎಂಬುದು ಟಿಕ್‌ಗೆ ತಿಳಿಯದು. ಅಮ್ಮನ ಫೋನಿನಲ್ಲಿ ಮಗು ಆಡುತ್ತಿದ್ದರೂ ಅದು ನೀಲಿಯಾಗುತ್ತದೆ. ನಿಮ್ಮ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳು ಎಷ್ಟೆಂದು ನಿಮಗೇ ಗೊತ್ತು. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟಿಗೆ ಬಿಡುವ ದಿನ ಫೋನಿನತ್ತ ಒಮ್ಮೆ ಕಣ್ಣು ಹಾಯಿಸಬಹುದೇ ವಿನಾ, ಕುಳಿತು ಉತ್ತರ ಬರೆಯಲು ಯಾರಿಗೂ ಆಗದು. ಕೋಣೆಯಲ್ಲಿದ್ದಾಗ ಆ ದಣಿದ ಮುಖವನ್ನು ನೋಡಿ ನೀವೇ ‘ಬಿಡಕ್ಕ, ನಾಳೆ ಬರಿ’ ಎನ್ನುತ್ತಿದ್ದಿರಿ. ಮಾತು ಬಿಟ್ಟಿರುವ ಇಬ್ಬರಿಗೂ ಇದನ್ನು ದಯವಿಟ್ಟು ತಿಳಿಸಿ.

ಈ ಕೊರತೆಯನ್ನು ತುಂಬುವ ದಾರಿ ಬಹಳ ಹಳೆಯದು. ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಅವರು 1971ರಲ್ಲಿ ‘ಫಿಂಗರ್’ ಎಂಬ ಪ್ರೋಗ್ರಾಮನ್ನು ಬರೆದರು. ಕಂಪ್ಯೂಟರಿನಲ್ಲಿ ಯಾರಿದ್ದಾರೆಂಬ ಪಟ್ಟಿಯ ಮೇಲೆ ಜನರು ಬೆರಳಾಡಿಸಿ ಹುಡುಕುತ್ತಿದ್ದುದನ್ನು ಕಂಡು ಅದಕ್ಕೆ ಆ ಹೆಸರಿಟ್ಟರು. ಒಬ್ಬರು ಈಗ ಇದ್ದಾರೆಯೇ, ಇಲ್ಲವಾದರೆ ಕೊನೆಗೆ ಯಾವಾಗ ಇದ್ದರು ಎಂಬುದನ್ನು ಅದು ತೋರಿಸುತ್ತಿತ್ತು. ಅದರ ಜೊತೆಗೆ ಆ ವ್ಯಕ್ತಿ ತನ್ನ ಮುಂದಿನ ಯೋಜನೆಯನ್ನು ಸ್ವಂತ ಮಾತಿನಲ್ಲಿ ಬರೆದಿಡಲು ‘ಪ್ಲಾನ್’ ಎಂಬ ಕಡತವೂ ಇತ್ತು. ನನ್ನ ದೃಷ್ಟಿಯಲ್ಲಿ ಅದರ ಬೆಲೆಯುಳ್ಳ ಭಾಗ ಈ ಕಡತ. ಗಡಿಯಾರದ ಸಮಯವನ್ನು ಯಂತ್ರ ಕೊಡಬಲ್ಲದು, ಕಾರಣವನ್ನು ಮನುಷ್ಯರೇ ಕೊಡಬೇಕು. ನಿಮ್ಮ ಹಾಳೆಯಲ್ಲಿಯೂ ಒಬ್ಬೊಬ್ಬರಿಗೆ ಒಂದು ಸಾಲಿನ ಜಾಗ ಬಿಡಿ: ‘ಹುಳು ಹಣ್ಣಾಗಿದೆ, ಗುರುವಾರ ಬರೆಯುತ್ತೇನೆ’, ‘ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ’. ಬರೆದವರಿಗೆ ಅರ್ಧ ನಿಮಿಷದ ಕೆಲಸ, ಓದುವ ಎಂಟು ಮಂದಿಗೆ ಅನುಮಾನ ಪಡುವ ಗೋಜಿಲ್ಲ.

ಕೊನೆಯದಾಗಿ, ತಿಂಗಳಿಗೆ ಎರಡು ದಿನ ಒಂದು ಗಂಟೆಯನ್ನು ಗೊತ್ತುಮಾಡಿ, ಎಲ್ಲರೂ ಗ್ರೂಪ್ ಕಾಲ್‌ನಲ್ಲಿ ಸ್ಪೀಕರ್ ಹಾಕಿಟ್ಟು ಲೆಕ್ಕ ಬರೆಯಿರಿ. ಮಾತಾಡಲೇಬೇಕೆಂಬ ನಿಯಮ ಬೇಡ. ಯಾರೋ ಮೊತ್ತವನ್ನು ಗಟ್ಟಿಯಾಗಿ ಎಣಿಸುವ ದನಿ ಕೇಳಿಸುತ್ತಿದ್ದರೆ ಸಾಕು. ಹಾಗಿದ್ದರೂ ಮೂರು ತಿಂಗಳಿಗೊಮ್ಮೆ ಆ ಕೋಣೆಯಲ್ಲಿ ಸೇರುವುದನ್ನು ಬಿಡಬೇಡಿ; ಮುಖ ನೋಡಿ ಬಲ್ಲವರ ಮೌನವನ್ನು ಅರ್ಥ ಮಾಡಿಕೊಳ್ಳುವುದು ಸುಲಭ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗ ಷಿಕಾಗೋದಲ್ಲಿದ್ದಾನೆ. ಅವನ ಹೆಸರಿನ ಕೆಳಗೆ ‘ಲಾಸ್ಟ್ ಸೀನ್’ ರಾತ್ರಿ ಎರಡು ಗಂಟೆ ಎಂದು ಬಂದಿರುತ್ತದೆ. ಅದು ಅಲ್ಲಿಯ ಸಮಯವೋ, ಇಲ್ಲಿಯದೋ? ನಿದ್ದೆಗೆಡುತ್ತಿದ್ದಾನೆಂಬ ಚಿಂತೆಯಿಂದ ನಾನೂ ಎದ್ದೆದ್ದು ನೋಡುತ್ತೇನೆ.
— ಓದುಗರೊಬ್ಬರು, ತುಮಕೂರು

ಉತ್ತರ: ಅದು ನಿಮ್ಮ ಫೋನಿನ ಸಮಯ, ಅಂದರೆ ತುಮಕೂರಿನ ಸಮಯ. ಇಲ್ಲಿ ರಾತ್ರಿ ಎರಡು ಗಂಟೆಯಾದಾಗ ಷಿಕಾಗೋದಲ್ಲಿ ಬೇಸಿಗೆಯಾದರೆ ಹಿಂದಿನ ದಿನದ ಮಧ್ಯಾಹ್ನ ಮೂರೂವರೆ, ಚಳಿಗಾಲವಾದರೆ ಎರಡೂವರೆ. ನಿಮ್ಮ ಮಗ ಹಗಲಿನಲ್ಲಿಯೇ ಫೋನ್ ನೋಡಿದ್ದಾರೆ. ಆ ಗುರುತಿನಿಂದ ತಿಳಿಯುವುದು ಅವರು ವಾಟ್ಸಾಪನ್ನು ಕೊನೆಗೆ ತೆರೆದ ವೇಳೆ ಮಾತ್ರ. ಉಂಡರೇ, ಮಲಗಿದರೇ ಎಂಬುದು ಅದರಿಂದ ತಿಳಿಯುವುದಿಲ್ಲ. ದೂರವಿರುವ ಮಗ ಇದ್ದಾನೆಂಬ ಅರಿವು ತಾಯಿಗೆ ಬೇಕು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದನ್ನು ಅವರಿಂದಲೇ ಕೇಳಿ ಪಡೆಯಿರಿ. ಅವರು ಮಲಗುವ ಮುನ್ನ ಕಳಿಸುವ ಒಂದು ಸಾಲು ನಿಮಗೆ ಬೆಳಗಿನ ಕಾಫಿಯ ಹೊತ್ತಿಗೆ ಸಿಗುತ್ತದೆ. ನೀವೂ ಅಂಗಳದ ಗಿಡದ್ದೋ ಅಡುಗೆಯದ್ದೋ ಒಂದು ಫೋಟೊ ಕಳಿಸಿ. ಜೆರಾಕ್ಸ್ ಕಂಪನಿಯ ಸಂಶೋಧಕರು 1992ರ ಸುಮಾರಿಗೆ ಕ್ಯಾಲಿಫೋರ್ನಿಯಾ ಮತ್ತು ಇಂಗ್ಲೆಂಡಿನ ತಮ್ಮ ಎರಡು ಕಚೇರಿಗಳ ನಡುವೆ ‘ಪೋರ್ಟ್‌ಹೋಲ್ಸ್’ ಎಂಬ ವ್ಯವಸ್ಥೆಯನ್ನು ನಡೆಸಿದ್ದರು. ಒಬ್ಬೊಬ್ಬರ ಕೋಣೆಯ ಸಣ್ಣ, ಮಸುಕಾದ ಚಿತ್ರ ಕೆಲವು ನಿಮಿಷಗಳಿಗೊಮ್ಮೆ ಬದಲಾಗುತ್ತಿತ್ತು, ಅಷ್ಟೇ. ಆ ಸಣ್ಣ ಚಿತ್ರದಿಂದಲೇ ಸಾಗರದಾಚೆಯವರಿಗೆ ಜೊತೆಗಿರುವ ಭಾವ ಬರುತ್ತಿತ್ತು.

ಪ್ರಶ್ನೆ: ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ನನ್ನ ಮಂಡಿ ಇದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಮಾಲು ತರುವ ಚಾಲಕರು ಆನ್‌ಲೈನ್ ಎಂದು ಕಂಡರೂ ಫೋನ್ ಎತ್ತುವುದಿಲ್ಲ. ದಿನವಿಡೀ ಅವರ ಲೈವ್ ಲೊಕೇಶನ್ ಕೇಳಿ ಪಡೆಯುವುದು ಸರಿಯೇ?
— ಓದುಗರೊಬ್ಬರು, ಕೋಲಾರ

ಉತ್ತರ: ಗಾಡಿ ಓಡಿಸುವವರು ಫೋನ್ ಎತ್ತದಿರುವುದೇ ಸರಿ. ಗಾಡಿ ಎಲ್ಲಿದೆ ಎಂಬುದು ಹರಾಜಿನ ವೇಳೆಗೆ ನಿಮಗೆ ನಿಜವಾಗಿಯೂ ಬೇಕಾದ ವಿಷಯ. ಉಳಿದ ಹೊತ್ತಿನಲ್ಲಿ ಚಾಲಕ ಎಲ್ಲಿದ್ದಾನೆ ಎಂಬುದು ಅವನ ಸ್ವಂತದ್ದು. ಐಬಿಎಂ ಎಂಬ ಕಂಪ್ಯೂಟರ್ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಥಾಮಸ್ ಎರಿಕ್ಸನ್ ಒಂದು ಬಾಗಿಲಿನ ಉದಾಹರಣೆ ಕೊಡುತ್ತಾರೆ. ಜೋರಾಗಿ ತೆರೆದರೆ ಆಚೆ ಬದಿಯವರಿಗೆ ಬಡಿಯುತ್ತಿದ್ದ ಆ ಬಾಗಿಲಿಗೆ ‘ನಿಧಾನವಾಗಿ ತೆರೆಯಿರಿ’ ಎಂದು ಬರೆದಿಟ್ಟದ್ದು ಅಷ್ಟಾಗಿ ಫಲ ಕೊಡಲಿಲ್ಲ; ಅದರ ಬದಲು ಬಾಗಿಲಿಗೆ ಗಾಜು ಕೂರಿಸಿದರೆ ಫಲ ಸಿಗುತ್ತದೆ ಎನ್ನುತ್ತಾರೆ ಅವರು. ಇಬ್ಬರಿಗೂ ಕಾಣುವುದರಿಂದ, ತಾನು ಕಂಡದ್ದು ಎದುರಿನವರಿಗೂ ಗೊತ್ತು ಎಂಬ ಎಚ್ಚರ ಇಬ್ಬರಲ್ಲಿಯೂ ಹುಟ್ಟುತ್ತದೆ. ನಿಮ್ಮ ಮಂಡಿಗೂ ಅಂತಹ ಗಾಜು ಬೇಕು. ವಾಟ್ಸಾಪಿನ ಲೈವ್ ಲೊಕೇಶನ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಆಯ್ಕೆಗಳಿವೆ. ಲೋಡ್ ತುಂಬಿ ಹೊರಟಾಗ ಚಾಲಕರು 1 ಗಂಟೆಯದನ್ನು ಒತ್ತಲಿ. ಅದೇ ಗ್ರೂಪಿನಲ್ಲಿ ನೀವೂ ಮಂಡಿಯ ಮುಂದೆ ಎಷ್ಟು ಗಾಡಿಗಳು ಇಳಿಸಲು ಕಾದಿವೆ, ಇವರ ಸರದಿ ಯಾವಾಗ ಎಂಬುದನ್ನು ತಿಳಿಸುತ್ತಿರಿ. ಮಾಲು ಇಳಿಸಿದ ಕೂಡಲೇ ಅವರು ಲೊಕೇಶನ್ ನಿಲ್ಲಿಸಬಹುದು ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡಿ.