ದಸರಾ ರಜೆಗೆ ಅಂಡಮಾನ್ ಆದೀತೇ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ದ್ವೀಪಗಳದ್ದೇ. ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಬೇರೆಯವರ ದುಡ್ಡು ಎಣಿಸಿ ನಿವೃತ್ತಳಾದ ನನಗೆ ಕಡಲಿನ ಬಗ್ಗೆ ಮಾತನಾಡಲು ಯಾರೂ ಒತ್ತಾಯ ಮಾಡಬೇಕಿಲ್ಲ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವಿಬ್ಬರೂ ಶಿಕ್ಷಕರು. ರಜೆ ಸಿಗುವುದು ದಸರೆಗೆ, ಇಲ್ಲವೇ ಬೇಸಿಗೆಗೆ. ಅಕ್ಟೋಬರಿನಲ್ಲಿ ಅಂಡಮಾನ್‌ಗೆ ಐದು ರಾತ್ರಿಯ ಪ್ರವಾಸ ಬಹಳ ಅಗ್ಗವಾಗಿ ಸಿಗುತ್ತಿದೆ. ಕೊನೆಯ ಎರಡು ರಾತ್ರಿ ಹ್ಯಾವ್ಲಾಕ್ ದ್ವೀಪದಲ್ಲಿ. ಏಳು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ ಜೊತೆಗಿರುತ್ತಾರೆ. ಮುಂಗಡ ಕೊಡಬಹುದೇ?
— ಶಿಕ್ಷಕಿ, ದಾವಣಗೆರೆ

ಉತ್ತರ: ಅಷ್ಟೊಂದು ಅಗ್ಗ ಯಾಕೆ ಎಂದು ಅವರನ್ನು ಕೇಳಿದಿರಾ ಅಮ್ಮಾ?

ನಮ್ಮ ಕರಾವಳಿಗೆ ಮುಂಗಾರು ಬರುವುದು ಜೂನ್ ಮೊದಲ ವಾರದಲ್ಲಿ. ಅಂಡಮಾನ್‌ಗೆ ಅದು ಮೇ ಮೂರನೆಯ ವಾರದಲ್ಲೇ ಕಾಲಿಟ್ಟಿರುತ್ತದೆ. ಇನ್ನು ನಾವು ಚಿತ್ತೆ ಮಳೆ ಮುಗಿಯಿತೆಂದು ಕೊಡೆ ಮಡಚಿಡುವ ಹೊತ್ತಿಗೆ ಅಲ್ಲಿ ಗಾಳಿ ದಿಕ್ಕು ಬದಲಿಸಿ, ಈಶಾನ್ಯದ ಕಡೆಯಿಂದ ಎರಡನೆಯ ಸುತ್ತು ಶುರುಮಾಡುತ್ತದೆ. ವರ್ಷದ ಮಳೆ ಸುಮಾರು 3000 ಮಿಲಿಮೀಟರ್. ನಮ್ಮ ಉಡುಪಿಯ ಮಳೆ ಅದಕ್ಕಿಂತ ಹೆಚ್ಚು, ಹಾಗಾಗಿ ನಿಮ್ಮನ್ನು ಮಳೆಯಿಂದ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮದು ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅಲ್ಲಿಯದು ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಹರಡಿಕೊಂಡಿದೆ.

ಹೆದರಬೇಕಾದ್ದು ಗಾಳಿಗೆ. ಬಂಗಾಳ ಕೊಲ್ಲಿಯ ಎಷ್ಟೋ ಚಂಡಮಾರುತಗಳ ತೊಟ್ಟಿಲು ಅಂಡಮಾನ್ ಸಮುದ್ರ, ಅವು ಹುಟ್ಟುವ ದೊಡ್ಡ ಹಂಗಾಮು ಅಕ್ಟೋಬರ್‌ನಿಂದ ಡಿಸೆಂಬರ್. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣವನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ ಹುಡ್‌ಹುಡ್, ಅದಕ್ಕೆ ನಾಲ್ಕು ದಿನ ಮೊದಲು ಅಂಡಮಾನ್ ದಾಟಿ ಹೋಗಿತ್ತು. ಚಂಡಮಾರುತ ನೇರ ಬಂದು ಬಡಿಯಬೇಕೆಂದೂ ಇಲ್ಲ. ನೂರಾರು ಕಿಲೋಮೀಟರ್ ದೂರದಲ್ಲಿ ವಾಯುಭಾರ ಕುಸಿದರೂ ಕಡಲು ಏಳುತ್ತದೆ, ದ್ವೀಪಗಳ ನಡುವಿನ ಹಡಗುಗಳು ನಿಲ್ಲುತ್ತವೆ.

ಇದು ನನಗೆ ಗೊತ್ತಾದ ಬಗೆಯನ್ನೂ ಹೇಳಿಬಿಡುತ್ತೇನೆ. 2016ರ ಡಿಸೆಂಬರಿನಲ್ಲಿ ನಾನು ಮತ್ತು ನಮ್ಮ ಯಜಮಾನರು ಹ್ಯಾವ್ಲಾಕ್‌ನಲ್ಲಿ ಸಿಕ್ಕಿಬಿದ್ದೆವು. ಮುಂದೆ ವಾರ್ದಾ ಎಂಬ ಹೆಸರು ಹೊತ್ತು ಚೆನ್ನೈಗೆ ನುಗ್ಗಿದ್ದು ಆಗಿನ್ನೂ ಹೆಸರಿಲ್ಲದ ಕೂಸು. ಮೊದಲ ದಿನದ ಮಳೆ ಚೆನ್ನಾಗಿಯೇ ಇತ್ತು, ಬಿಸಿ ಪಕೋಡ ತರಿಸಿ ತಿಂದೆವು. ಎರಡನೆಯ ದಿನ ಕರೆಂಟು, ಫೋನು ಎರಡೂ ಹೋದವು. ಮೂರನೆಯ ದಿನ ಹೋಟೆಲಿನ ಹುಡುಗ ಅನ್ನ, ಬೇಳೆ ಹಾಕಿ ಆಲೂಗಡ್ಡೆಯನ್ನು ಎಣಿಸಿ ಬಡಿಸಿದ: ತಲೆಗೆ ಎರಡು ಹೋಳು. ಯಜಮಾನರ ರಕ್ತದೊತ್ತಡದ ಗುಳಿಗೆಯ ಪಟ್ಟಿಯಲ್ಲಿ ಎರಡೇ ಗುಳಿಗೆ ಉಳಿದಿದ್ದವು. ಅವರು ಅದನ್ನು ಉಗುರಿನಿಂದ ಅರ್ಧ ಮುರಿದು, ಉಳಿದರ್ಧವನ್ನು ಬಸ್ ಟಿಕೆಟಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ ದೃಶ್ಯ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. (ಹಾಗೆ ಮಾಡುವುದು ತಪ್ಪು. ಅತ್ತೆಯವರ ಗುಳಿಗೆ ಒಂದು ವಾರಕ್ಕೆ ಹೆಚ್ಚೇ ಇರಲಿ.) ಕೊನೆಗೆ ಹ್ಯಾವ್ಲಾಕ್, ನೀಲ್ ಎರಡೂ ದ್ವೀಪಗಳಲ್ಲಿ ಸಿಕ್ಕಿಕೊಂಡಿದ್ದ ಸಾವಿರಕ್ಕೂ ಮಿಕ್ಕಿದ ಪ್ರವಾಸಿಗರನ್ನು ಕರೆತರಲು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯೇ ಬರಬೇಕಾಯಿತು.

ಆದ್ದರಿಂದ ಬೇಸಿಗೆ ರಜೆಗೇ ಹೋಗಿ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ ಕಡಿಮೆ, ಕಡಲು ಶಾಂತ. ಏಪ್ರಿಲಿನಲ್ಲಿ ಸೆಕೆ ಇರುತ್ತದೆ, ದಾವಣಗೆರೆಯ ಒಣ ಬಿಸಿಲಲ್ಲ, ಮೈಗೆ ಅಂಟುವ ಸೆಕೆ. ಅತ್ತೆಯವರಿಗಾಗಿ ಮಧ್ಯಾಹ್ನವೆಲ್ಲ ಕೋಣೆಯಲ್ಲೇ ಇರುವ ಹಾಗೆ ದಿನವನ್ನು ಜೋಡಿಸಿಕೊಳ್ಳಿ. ಮೇ ಮೊದಲ ವಾರದೊಳಗೆ ಊರು ಸೇರಿ.

ಯಾವ ತಿಂಗಳೇ ಆಗಲಿ, ಆ ಕೊನೆಯ ಎರಡು ರಾತ್ರಿಗಳನ್ನು ಮೊದಲಿಗೆ ತನ್ನಿ. ವಿಮಾನ ಹತ್ತುವುದು ಪೋರ್ಟ್‌ಬ್ಲೇರ್‌ನಲ್ಲಿ. ಗಾಳಿ ಎದ್ದು ಹ್ಯಾವ್ಲಾಕ್‌ನ ಹಡಗು ನಿಂತರೆ ವಿಮಾನ ನಿಮಗಾಗಿ ಕಾಯುವುದಿಲ್ಲ. ಇಳಿದ ಮರುದಿನವೇ ಹ್ಯಾವ್ಲಾಕ್, ನೀಲ್ ಮುಗಿಸಿ, ಕಡೆಯ ಎರಡು ರಾತ್ರಿ ಪೋರ್ಟ್‌ಬ್ಲೇರ್‌ನಲ್ಲಿ ಕಳೆಯಿರಿ. ಸೆಲ್ಯುಲರ್ ಜೈಲು ಎಲ್ಲಿಗೂ ಓಡಿಹೋಗುವುದಿಲ್ಲ. ಟಿಕೆಟಿನಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ. 2018ರಿಂದ ಹ್ಯಾವ್ಲಾಕ್ ಎಂದರೆ ಸ್ವರಾಜ್ ದ್ವೀಪ, ನೀಲ್ ಎಂದರೆ ಶಹೀದ್ ದ್ವೀಪ; 2024ರಲ್ಲಿ ಪೋರ್ಟ್‌ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸಂಜೆ ಕಾಫಿ ಕುಡಿದು ನಿಧಾನವಾಗಿ ಕಡಲಿಗೆ ಇಳಿಯೋಣ ಎನ್ನುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಪೂರ್ವದವನು. ಏಪ್ರಿಲಿನಲ್ಲಿ ಬೆಳಗ್ಗೆ ಐದೂಕಾಲಿಗೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯಾಸ್ತ. ರಾಧಾನಗರ ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕಾದರೆ ನಾಲ್ಕಕ್ಕೇ ಅಲ್ಲಿರಿ. ನೀಲ್ ದ್ವೀಪದ ಕಲ್ಲಿನ ಸೇತುವೆಗೆ ಇಳಿತದ ಹೊತ್ತಿನಲ್ಲಿ ಮಾತ್ರ ನಡೆದು ಹೋಗಬಹುದು. ನಾವು ಉಬ್ಬರದಲ್ಲಿ ಹೋಗಿ, ಮೊಣಕಾಲುದ್ದ ನೀರು ನೋಡಿ ಪೆಚ್ಚಾಗಿ ಮರಳಿದ್ದೆವು. ಉಬ್ಬರ ಇಳಿತದ ಸಮಯವನ್ನು ಹೋಟೆಲಿನಲ್ಲಿ ಕೇಳಿಕೊಳ್ಳಿ, ಅದು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಮನೆಯ ಪಂಚಾಂಗವೂ ಉಪಯೋಗಕ್ಕೆ ಬರುತ್ತದೆ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅತ್ತೆಯವರನ್ನು ಮಾತ್ರ ದಡದಲ್ಲೇ ಕೂರಿಸಿ, ಆ ಬಂಡೆಗಳು ಬಹಳ ಜಾರುತ್ತವೆ.

ಪ್ರಶ್ನೆ: ಆಗಸ್ಟ್ 15ರ ರಜೆಗೆ ಗೆಳೆಯರೆಲ್ಲ ಸೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಪ್ರವಾಸಿ ಬೋಟ್ ಇಲ್ಲದಿದ್ದರೂ ದುಡ್ಡು ಕೊಟ್ಟರೆ ಮೀನುಗಾರರು ಕರೆದೊಯ್ಯುತ್ತಾರೆ ಎಂದು ಒಬ್ಬ ಹೇಳುತ್ತಿದ್ದಾನೆ. ನಿಜವೇ?
— ಓದುಗ, ಹುಬ್ಬಳ್ಳಿ

ಉತ್ತರ: ಮಲ್ಪೆಯ ದಡದಲ್ಲಿ ನಿಂತರೆ ದ್ವೀಪ ಕೈಚಾಚಿದರೆ ಸಿಗುವಂತೆ ಕಾಣುತ್ತದೆ ತಮ್ಮಾ, ಆರೇ ಕಿಲೋಮೀಟರ್. ನಿಮ್ಮ ಗೆಳೆಯನ ತಲೆ ಕೆಡಿಸಿರುವುದು ಅದೇ. ಮಳೆಗಾಲದಲ್ಲಿ ಅಪಾಯ ಇರುವುದು ದ್ವೀಪದಲ್ಲಲ್ಲ, ಅಳಿವೆಯಲ್ಲಿ. ಹೊಳೆಯ ಕೆಂಪು ನೀರು ಹೊರಗೆ ನುಗ್ಗುತ್ತಿರುತ್ತದೆ, ನೈಋತ್ಯದ ಅಲೆ ಒಳಗೆ ನುಗ್ಗುತ್ತಿರುತ್ತದೆ, ಎರಡೂ ಎದುರಾಗುವ ಜಾಗದಲ್ಲಿ ದೋಣಿ ಒಮ್ಮೆ ಅಡ್ಡ ತಿರುಗಿದರೆ ಮುಗಿಯಿತು. ನಮ್ಮ ಅಪ್ಪ ನಾಡದೋಣಿಯವರು. ಅಳಿವೆಯ ಬಾಯಲ್ಲಿ ದೋಣಿ ನಿಲ್ಲಿಸಿ, ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಹಾದುಹೋಗುವುದನ್ನೇ ನೋಡುತ್ತ ಕಾಯುತ್ತಿದ್ದರು; ನಡುವೆ ಸ್ವಲ್ಪ ಬಿಡುವು ಸಿಕ್ಕಾಗ ಹುಟ್ಟು ಹಾಕುತ್ತಿದ್ದರು. ಬಿಡುವು ಸಿಗದ ದಿನ ತಿರುಗಿ ಮನೆಗೆ. ಅಂದು ಮನೆಯಲ್ಲಿ ಒಣಮೀನಿನ ಚಟ್ನಿ, ಗಂಜಿ.

ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ನಿಷೇಧ ಮುಗಿದರೂ ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಸಮುದ್ರ ಪೂಜೆ ಮಾಡುವ ಮೊಗವೀರರು ಬೇಕಾದಷ್ಟು ಜನ. ದುಡ್ಡಿಗೆ ಒಪ್ಪುವವನು ಒಬ್ಬ ಸಿಕ್ಕಿಯೇಬಿಟ್ಟ ಎಂದುಕೊಳ್ಳಿ, ಅವನ ದೋಣಿಯನ್ನೇ ಮೊದಲು ಬಿಡಿ. ಅಲ್ಲಿನ ಕಂಬಗಳಂತಹ ಕಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ನಿಮಗಾಗಿ ಡಿಸೆಂಬರ್‌ವರೆಗೆ ಕಾಯಬಲ್ಲವು. ಆಗಸ್ಟಿನಲ್ಲಿ ಬರುವುದೇ ಆದರೆ ಕಾಪುವಿನ ದೀಪಸ್ತಂಭದ ಹತ್ತಿರ ದಡದಲ್ಲಿ ನಿಂತು ಕಡಲಿನ ಅಬ್ಬರ ನೋಡಿ. ಬಂಡೆಯ ತುದಿಗೆ ಹೋಗಿ ಸೆಲ್ಫಿ ತೆಗೆಯಬೇಡಿ.

ಪ್ರಶ್ನೆ: ಜೂನ್‌ನಲ್ಲಿ ಮದುವೆ. ಜುಲೈನಲ್ಲಿ ಮಾತ್ರ ರಜೆ. ಅವಳಿಗೆ ದ್ವೀಪವೇ ಬೇಕಂತೆ. ಲಕ್ಷದ್ವೀಪ ಹೇಗೆ?
— ಇಂಜಿನಿಯರ್, ಬೆಂಗಳೂರು

ಉತ್ತರ: ಲಕ್ಷದ್ವೀಪ ನಮ್ಮದೇ ಅರಬ್ಬಿ ಸಮುದ್ರ, ನಮ್ಮದೇ ಮುಂಗಾರು. ಜುಲೈಗೆ ಬೇಡ.

ಶ್ರೀಲಂಕಾದ ಪೂರ್ವ ಕರಾವಳಿ ನೋಡಿ. ಮಂಗಳೂರು ನೆನೆಯುತ್ತಿರುವಾಗ ಸಹ್ಯಾದ್ರಿಯ ಮರೆಯಲ್ಲಿರುವ ಚಿತ್ರದುರ್ಗ ಒಣಗಿರುವುದಿಲ್ಲವೇ, ಹಾಗೆಯೇ ಲಂಕೆಯ ನಡುವಿನ ಬೆಟ್ಟಗಳು ನೈಋತ್ಯದ ಮಳೆಯನ್ನು ಪಶ್ಚಿಮದಲ್ಲೇ ತಡೆಯುತ್ತವೆ. ಕೊಲಂಬೊ, ಗಾಲೆ ಕಡೆ ಕಡಲು ಕುದಿಯುತ್ತಿರುವಾಗ ತ್ರಿಂಕೋಮಲಿ, ನಿಲಾವೇಲಿ, ಪಾಸಿಕುಡಾದಲ್ಲಿ ಬಿಸಿಲು, ತಿಳಿನೀರು. ಅಲ್ಲಿನ ಕಡಲ ಹಂಗಾಮು ಮೇ ತಿಂಗಳಿಂದ ಸೆಪ್ಟೆಂಬರ್. ಖರ್ಚಿಗೆ ಹಿಂಜರಿಯದಿದ್ದರೆ ಬಾಲಿಯೂ ಇದೆ, ಸಮಭಾಜಕದ ಆಚೆಗಿರುವ ಅದಕ್ಕೆ ಜುಲೈ ಒಣಗಾಲ. ಮಾರಿಷಸ್‌ಗೆ ಅದು ಚಳಿಗಾಲ, ಪೂರ್ವ ದಡದಲ್ಲಿ ಗಾಳಿ ಜೋರು. ಹೋದರೆ ಪಶ್ಚಿಮದ ಕಡೆ ಕೋಣೆ ಹಿಡಿಯಿರಿ.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹಿರಿಯರು ತಕರಾರು ಎತ್ತಿದರೆ, ತ್ರಿಂಕೋಮಲಿಯ ಹೋಟೆಲಿನ ಹೊಸಿಲನ್ನು ಅತ್ತೆ ದಾಟುವುದಿಲ್ಲವಲ್ಲ ಎನ್ನಿ.

ಪ್ರಶ್ನೆ: ಮುಂದಿನ ವಾರ ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೇವೆ. ಮೊಬೈಲಿನಲ್ಲಿ ಶೇಕಡ 60ರಷ್ಟು ಮಳೆ ಎಂದು ತೋರಿಸುತ್ತಿದೆ. ರದ್ದು ಮಾಡಲೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನೀರೊಳಗೆ ಮುಳುಗಲು ಹೊರಟವಳಿಗೆ ಮಳೆಯ ಚಿಂತೆ ಯಾಕಮ್ಮಾ! ಒಂದು ತಾಸಿನ ಮಳೆ ಬಂದು ಹೋದರೆ ಏನೂ ಕೆಡುವುದಿಲ್ಲ. ಗಾಳಿಯ ವೇಗ, ಅಲೆಯ ಎತ್ತರ ನೋಡು. ಹವಾಮಾನ ಇಲಾಖೆ ಮೀನುಗಾರರಿಗೆಂದೇ ಎಚ್ಚರಿಕೆ ಕೊಡುತ್ತದೆ. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದ ಗಾಳಿ, ಕಡಲಿಗೆ ಇಳಿಯಬೇಡಿ ಎಂದು ಅದರಲ್ಲಿದ್ದರೆ ಆ ಮಾತು ನಿನಗೂ ಸೇರಿದ್ದೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆಯನ್ನು ಬೇರೆಯಾಗಿ ಕೊಡುತ್ತದೆ, ಅದನ್ನೂ ನೋಡು. ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಅಲೆ ನಮ್ಮ ದಡಕ್ಕೆ ಬಂದು ಬಡಿಯುವುದುಂಟು. ಮಲಯಾಳಿಗಳು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ.

ಇಷ್ಟೆಲ್ಲ ನೋಡಲು ಬೇಸರವಾದರೆ ಬೆಳಗ್ಗೆ ಬಂದರಿಗೆ ಹೋಗು. ಮೀನಿನ ಬೋಟುಗಳೆಲ್ಲ ಹಗ್ಗ ಬಿಗಿದುಕೊಂಡು ಸಾಲಾಗಿ ನಿಂತಿದ್ದರೆ, ಡೈವಿಂಗ್‌ನವರು ಏನೇ ಹೇಳಲಿ, ಅಲ್ಲೇ ಹೋಟೆಲಿನಲ್ಲಿ ಬನ್ಸ್, ಚಹಾ ಹೇಳಿ ಕುಳಿತುಬಿಡು.